ಪಿಕಪ್ ತಗಡಿಗೆ ಮತ್ತೆ ಮತ್ತೆ ತುಕ್ಕು: ನೀರು ನಿಲ್ಲುವ ಜಾಗ ಹುಡುಕುವುದು ಹೇಗೆ

ನನ್ನ ಪಿಕಪ್‌ನ ಎಡ ಬಾಗಿಲಿನ ಕೆಳ ಅಂಚಿಗೆ ಮೂರು ವರ್ಷದಲ್ಲಿ ಮೂರು ಸಲ ತುಕ್ಕು ಬಂದಿತು, ಅದೂ ಒಂದೇ ಜಾಗದಲ್ಲಿ. ಮೊದಲ ಎರಡು ಸಲ ದಾವಣಗೆರೆಯ ಎರಡು ಬೇರೆ ಬೇರೆ ಗ್ಯಾರೇಜುಗಳಲ್ಲಿ ಕೆರೆದು, ಪುಟ್ಟಿ ತುಂಬಿ, ಬಣ್ಣ ಹೊಡೆದು ಕೊಟ್ಟರು. ಕೆಲಸ ನೋಡಲು ಅಂದವಾಗಿಯೇ ಇತ್ತು. ಎರಡು ಸಲವೂ ಹಿಂಗಾರು ಮುಗಿಯುವ ಹೊತ್ತಿಗೆ ಬಣ್ಣದ ಅಡಿಯಲ್ಲಿ ಹೊಪ್ಪಳೆ ಎದ್ದಿತ್ತು. ಮೂರನೆಯ ಸಲ ನಾನೇ ಬಾಗಿಲಿನ ಒಳಹಲಗೆ ಬಿಚ್ಚಿ, ತಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಹಿಡಿಯಷ್ಟು ಎರೆಮಣ್ಣು, ಅದರಲ್ಲಿ ಕಲೆಸಿಹೋದ ಮೆಕ್ಕೆಜೋಳದ ರವದಿ, ನಡುವೆ ಒಂದು ಕಾಳು ಮೊಳಕೆಯೊಡೆದು ಬೆರಳುದ್ದದ ಬಿಳಿಯ ಎಳೆ ಬಿಟ್ಟುಕೊಂಡು ನಿಂತಿತ್ತು. ಕಾಳು ಅಷ್ಟು ಬೆಳೆಯಬೇಕಾದರೆ ಅಲ್ಲಿ ಎಷ್ಟು ದಿನ ತೇವ ಆರದೆ ಇದ್ದಿರಬೇಕು! ನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಬಿಟ್ಟಿದ್ದ ಮೂರು ತೂತುಗಳಲ್ಲಿ ಒಂದನ್ನು ಮಣ್ಣು ಮುಚ್ಚಿತ್ತು. ಉಳಿದ ಎರಡನ್ನು ಮುಚ್ಚಿದ್ದು ಹಿಂದಿನ ರಿಪೇರಿಯ ಪುಟ್ಟಿ.

ತುಕ್ಕು ಹೋಗಲೆಂದು ಮಾಡಿಸಿದ ಕೆಲಸವೇ ಮುಂದಿನ ತುಕ್ಕಿಗೆ ತೊಟ್ಟಿ ಕಟ್ಟಿಕೊಟ್ಟಿತ್ತು. ಅಂದಿನಿಂದ ನನ್ನ ಗಾಡಿಯಿರಲಿ, ಪರಿಚಯದವರ ಗಾಡಿಯಿರಲಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುವವರೆಗೆ ತಗಡು ಉಜ್ಜುವ ಗ್ರೈಂಡರ್ ಮುಟ್ಟುವುದಿಲ್ಲ. ಈ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆ ಹುಡುಕಾಟಕ್ಕೇ ಹೋಗಿದೆ. ತೇಪೆ, ಪುಟ್ಟಿ, ಬಣ್ಣ ಆಮೇಲಿನ ಮಾತು.

ಬಯಲುಸೀಮೆಯಲ್ಲೂ ತುಕ್ಕು ಏಕೆ

ತುಕ್ಕು ಕರಾವಳಿಯ ರೋಗ, ನಮ್ಮ ಕಡೆ ಮಳೆಯೇ ಕಡಿಮೆ ಎಂದು ಚಿತ್ರದುರ್ಗ, ಚಳ್ಳಕೆರೆ, ಜಗಳೂರಿನ ಕಡೆಯವರು ಹೇಳುವುದನ್ನು ಕೇಳಿದ್ದೇನೆ. ಸಮುದ್ರದ ಉಪ್ಪುಗಾಳಿ ನಮಗಿಲ್ಲ ಎಂಬುದು ನಿಜ. ಆದರೆ ಕಬ್ಬಿಣಕ್ಕೆ ಮಳೆಯ ಪ್ರಮಾಣ ಮುಖ್ಯವಲ್ಲ, ತೇವ ಎಷ್ಟು ಹೊತ್ತು ಮೈಗೆ ಅಂಟಿಕೊಂಡಿದೆ ಎಂಬುದು ಮುಖ್ಯ. ನಮ್ಮ ಎರೆಮಣ್ಣು ಒಮ್ಮೆ ನೆನೆದರೆ ಬೇಗ ಬಿಡುವುದಿಲ್ಲ. ಹೊಲದ ದಾರಿಯಲ್ಲಿ ಮೆತ್ತಿಕೊಂಡ ಮಣ್ಣು ಮಡ್‌ಗಾರ್ಡಿನ ಒಳಮೈಯಲ್ಲಿ ವಾರಗಟ್ಟಲೆ ಒದ್ದೆ ಬಟ್ಟೆಯಂತೆ ಕುಳಿತಿರುತ್ತದೆ. ಇನ್ನೊಂದು ಸಂಗತಿಯಿದೆ. ಮಣ್ಣಿನ ಅಡಿಯಲ್ಲಿ ಸಿಕ್ಕಿಕೊಂಡ ಲೋಹಕ್ಕೆ ಗಾಳಿ ಕಡಿಮೆ, ಪಕ್ಕದ ಬಯಲು ಲೋಹಕ್ಕೆ ಗಾಳಿ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ, ಗಾಳಿ ಕಡಿಮೆ ಇರುವ ಜಾಗದ ಕಬ್ಬಿಣವನ್ನೇ ತಿನ್ನುತ್ತದೆ. ಮಣ್ಣಿನ ಮುದ್ದೆ ತೆಗೆದಾಗ ಅದರ ಅಡಿಯಲ್ಲೇ ಗುಳಿ ಕಾಣುವುದು ಇದರಿಂದ.

ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಹಾಗೆ ಹಿಗ್ಗಿ ಬಣ್ಣವನ್ನು ಮೇಲೆತ್ತಿದಾಗ ಹೊಪ್ಪಳೆ ಏಳುತ್ತದೆ. ಅಷ್ಟು ಹೊತ್ತಿಗೆ ತಗಡಿನ ಒಳಮೈಯನ್ನು ತುಕ್ಕು ತಿಂದು ಮುಗಿಸಿರಬಹುದು.

ಮೊದಲ ಪ್ರಶ್ನೆ: ಗಾಡಿ ಏನು ಹೊತ್ತಿದೆ?

ತಗಡು ನೋಡುವ ಮೊದಲು ನಾನು ಕೇಳುವುದು ಬಾಡಿಗೆಯ ಇತಿಹಾಸ. ಮೆಕ್ಕೆಜೋಳ, ಈರುಳ್ಳಿ ಹೊತ್ತ ಗಾಡಿಯ ಸಮಸ್ಯೆ ಸಾಮಾನ್ಯವಾಗಿ ಕಸ ಮತ್ತು ತೇವದ್ದು. ರವದಿ, ಈರುಳ್ಳಿ ಸಿಪ್ಪೆ ಸಂದಿಗಳಿಗೆ ಸೇರಿ ನೀರಿನ ದಾರಿ ಕಟ್ಟುತ್ತವೆ. ಗೊಬ್ಬರ ಹೊತ್ತ ಗಾಡಿಯ ಕಥೆ ಬೇರೆ. ಪೊಟ್ಯಾಷ್ ಎಂದು ನಾವು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಯೂರಿಯಾ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಹರಿದ ಚೀಲದಿಂದ ಉದುರಿದ ಒಂದು ಹಿಡಿ ಗೊಬ್ಬರ ಹಿಂದಿನ ತೊಟ್ಟಿಯ ಮೂಲೆಯಲ್ಲಿ ಉಳಿದರೆ, ಮಳೆ ಬಾರದಿದ್ದರೂ ಬೆಳಗಿನ ಇಬ್ಬನಿಯೇ ಅದಕ್ಕೆ ಸಾಕು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಓಡುವ ಗಾಡಿಗಳಲ್ಲಿ ಉಪ್ಪಿನ ಚೀಲದ ಸವಾರಿ ಇದ್ದೇ ಇರುತ್ತದೆ, ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಬೇಕೇ ಬೇಕು. ಅಂಥ ಗಾಡಿಯಲ್ಲಿ ತೊಟ್ಟಿಯ ನೆಲ, ಹಿಂಬಾಗಿಲಿನ ಕೀಲು, ಚೀಲ ಒರಗಿಸುವ ಮುಂಗೋಡೆಯ ಬುಡ, ಈ ಮೂರನ್ನು ಮೊದಲು ನೋಡಬೇಕು. ಕುರಿ, ಮೇಕೆ ಸಾಗಿಸುವ ಗಾಡಿಯಲ್ಲಿ ಮೂತ್ರ ಹಲಗೆಯ ಅಡಿಗೆ ಇಳಿಯುತ್ತದೆ. ಮಂಗಳೂರಿನಿಂದ ಮೀನು ತಂದ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ತೊಟ್ಟಿಯ ಸಂದಿಯಿಂದ ಚಾಸಿಯವರೆಗೆ, ಅಂದರೆ ಗಾಡಿಯ ಭಾರ ಹೊರುವ ಅಡಿಚೌಕಟ್ಟಿನವರೆಗೆ, ಇಳಿದಿರುತ್ತದೆ. ಅದನ್ನು ಅಡಿಯಿಂದಲೇ ನೋಡಲು ಶುರು ಮಾಡಬೇಕು.

ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ ಹೊರುವವರು ತೊಟ್ಟಿಯಲ್ಲಿ ಕಪ್ಪು ಕಲೆ ಕಂಡು ಗಾಬರಿಯಾಗುವುದುಂಟು. ಬೇಯಿಸಿದ ಅಡಿಕೆಯ ಚೊಗರು ಬರಿಗಬ್ಬಿಣಕ್ಕೆ ತಗಲಿದರೆ ಅದರಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಕಬ್ಬಿಣದೊಂದಿಗೆ ಸೇರಿ ನೀಲಿಗಪ್ಪು ಬಣ್ಣವಾಗುತ್ತದೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಕೆಲವು ತುಕ್ಕು ಪರಿವರ್ತಕ ದ್ರವಗಳೂ (ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿಸುವಂಥವು) ಇದೇ ಗುಣದಿಂದ ಕೆಲಸ ಮಾಡುತ್ತವೆ, ಉಳಿದವುಗಳಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಹಾಗೆಂದು ಚೊಗರನ್ನೇ ಬಳಿಯಲು ಹೋಗಬೇಡಿ. ಅದರ ಅಂಟು ಪದರದ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಆದರೆ ಆ ಕಲೆಯಿಂದ ಒಂದು ಸುಳಿವು ಸಿಗುತ್ತದೆ: ಅಲ್ಲಿ ಬಣ್ಣ ಹೋಗಿದೆ, ಬರಿಗಬ್ಬಿಣ ಹೊರಗೆ ಬಂದಿದೆ.

ಹೊಳಲ್ಕೆರೆ, ಹೊಸದುರ್ಗದ ಸುತ್ತ ಅದಿರು ಲಾರಿ ಓಡುವ ರಸ್ತೆಯ ಕೆಂಪು ಧೂಳು ಬಿಳಿ ಗಾಡಿಯ ಮೇಲೆ ಥೇಟ್ ತುಕ್ಕಿನಂತೆ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬಂದು ಬಣ್ಣ ಸ್ವಚ್ಛವಾದರೆ ಅದು ಧೂಳು. ಒರೆಸಿದ ಮೇಲೂ ಚುಕ್ಕೆ ಉಳಿದು, ಉಗುರಿಗೆ ಒರಟಾಗಿ ಸಿಕ್ಕರೆ ಅದು ತುಕ್ಕು.

ಹೊರಗಿನಿಂದ ಬಂದದ್ದೋ, ಒಳಗಿನಿಂದಲೋ

ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಕಲ್ಲು ಸಿಡಿದೋ, ಚೀಲದ ಕೊಕ್ಕೆ ತಗಲಿಯೋ ಬಣ್ಣ ಒಡೆದು ಬಂದ ತುಕ್ಕಿಗೆ ನಡುವೆ ಒಂದು ಗಾಯ ಇರುತ್ತದೆ. ಗಾಯದ ಸುತ್ತ ಕಂದು ವರ್ತುಲ, ಅದರಾಚೆ ಬಣ್ಣ ಗಟ್ಟಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಓಡುವ ಗಾಡಿಯ ಬಾನೆಟ್ ಅಂಚಿನಲ್ಲಿ, ಮುಂಗಾಜಿನ ಮೇಲಿನ ಪಟ್ಟಿಯಲ್ಲಿ, ಹಿಂಚಕ್ರದ ಮುಂದಿನ ತಗಡಿನಲ್ಲಿ ಇಂಥವು ಎಷ್ಟೋ ಸಿಗುತ್ತವೆ. ಬೇಗ ಹಿಡಿದರೆ ಅರ್ಧ ದಿನದ ಕೆಲಸ.

ಒಳಗಿನಿಂದ ಬಂದ ತುಕ್ಕಿಗೆ ಗಾಯವೇ ಇರುವುದಿಲ್ಲ. ಬಣ್ಣ ಒಡೆದಿಲ್ಲ, ಆದರೂ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಉಬ್ಬು. ಅವು ಬಹುತೇಕ ಒಂದು ಗೆರೆಯ ಉದ್ದಕ್ಕೂ ಇರುತ್ತವೆ: ಬಾಗಿಲಿನ ಕೆಳಗೆ ಹೊರ ತಗಡು ಒಳ ತಗಡಿನ ಮೇಲೆ ಮಡಿಚಿಕೊಂಡ ಅಂಚು, ಕ್ಯಾಬಿನ್ನಿನ ಹಿಂದಿನ ಕೆಳಮೂಲೆ, ಫುಟ್‌ಬೋರ್ಡಿನ ಪೆಟ್ಟಿಗೆ. ಉಬ್ಬನ್ನು ಸೂಜಿಯಿಂದ ಚುಚ್ಚಿದಾಗ ಕಂದು ನೀರು ಬಂದರೆ ಅನುಮಾನವೇ ಬೇಡ. ಇಲ್ಲಿ ಹೊರಗಿನಿಂದ ಎಷ್ಟು ಚೆಂದ ಉಜ್ಜಿದರೂ ಅದು ಬರೀ ಮುಖ ತೊಳೆದಂತೆ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತ, ಮೊಂಡು ತಿರುಪುಳಿ, ಸಣ್ಣ ಸುತ್ತಿಗೆಯ ಹಿಡಿ, ಟಾರ್ಚ್, ಕ್ಯಾಮೆರಾ ಇರುವ ಮೊಬೈಲ್. ಅಯಸ್ಕಾಂತವನ್ನು ಗಟ್ಟಿ ಜಾಗದಿಂದ ಅನುಮಾನದ ಜಾಗಕ್ಕೆ ಜಾರಿಸುತ್ತಾ ಹೋಗಿ. ಹಿಡಿತ ಥಟ್ಟನೆ ಸಡಿಲವಾದರೆ ಅಲ್ಲಿ ಪುಟ್ಟಿ ದಪ್ಪಗಿದೆ, ಅಂದರೆ ಹಳೆಯ ರಿಪೇರಿ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಒಡೆದ ಮಡಕೆಯಂತೆ ಮಂಕಾಗಿ ಸದ್ದು ಕೊಡುತ್ತದೆ. ಕೊನೆಗೆ ತಿರುಪುಳಿಯನ್ನು ಹೆಬ್ಬೆರಳಿನ ಬಲದಿಂದ ಒತ್ತಿ. ತಗಡು ಒಳಗೆ ಹೋದರೆ, ಕರಕರ ಎಂದರೆ, ಆ ಭಾಗವನ್ನು ಕತ್ತರಿಸಲೇಬೇಕು. ತೂತಾದೀತೆಂದು ಹೆದರಿ ಈ ಒತ್ತುವಿಕೆ ಬಿಡುವವರಿದ್ದಾರೆ. ತೂತು ಮೊದಲೇ ಆಗಿದೆ, ಬಣ್ಣ ಅದನ್ನು ಮುಚ್ಚಿಟ್ಟಿದೆ, ಅಷ್ಟೇ.

ನೀರಿನ ದಾರಿ ಹಿಡಿಯುವುದು

ಬಾಗಿಲಿನಿಂದ ಶುರು ಮಾಡೋಣ. ಕಿಟಕಿಯ ಗಾಜಿನ ಹೊರಮೈಗೆ ಬಿದ್ದ ಮಳೆ ರಬ್ಬರ್ ಪಟ್ಟಿಯ ಸಂದಿಯಿಂದ ಬಾಗಿಲಿನೊಳಗೆ ಸ್ವಲ್ಪ ಇಳಿದೇ ಇಳಿಯುತ್ತದೆ. ಅದು ದೋಷವೇನಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಇಳಿದ ನೀರು ತಳದ ತೂತುಗಳಿಂದ ಹೊರಹೋಗಬೇಕು. ಗಾಜು ಪೂರ್ತಿ ಏರಿಸಿ, ಹೊರಗಿನಿಂದ ಒಂದು ಲೀಟರ್ ನೀರನ್ನು ಗಾಜಿನ ಬುಡಕ್ಕೆ ನಿಧಾನವಾಗಿ ಸುರಿಯಿರಿ. ಕೆಲವೇ ಕ್ಷಣಗಳಲ್ಲಿ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ, ಅಥವಾ ಬಾಗಿಲು ಅಲುಗಿಸಿದಾಗ ಕೊಡದಲ್ಲಿ ನೀರು ತುಳುಕಿದ ಸದ್ದು ಬಂದರೆ, ಕಾರಣ ಕೈಗೆ ಸಿಕ್ಕಿತು. ತೂತುಗಳನ್ನು ಗಟ್ಟಿ ತಂತಿಯಿಂದ ತಿವಿಯಬೇಡಿ, ಅಂಚಿನ ಬಣ್ಣ ಹೋಗುತ್ತದೆ. ಬೇವಿನ ಕಡ್ಡಿಯಿಂದ ಕೆದಕಿ ನೀರು ಹಾಯಿಸಿ. ರಬ್ಬರ್ ಪಟ್ಟಿ ಬಿಸಿಲಿಗೆ ಸುಕ್ಕುಗಟ್ಟಿ ಗಾಜಿನಿಂದ ದೂರ ನಿಂತಿದ್ದರೆ ಬದಲಾಯಿಸಿ. ಅದರ ಬೆಲೆ ಒಂದು ಸಲದ ಪೇಂಟಿಂಗ್ ಕೂಲಿಯ ಮುಂದೆ ಏನೂ ಅಲ್ಲ.

ಕ್ಯಾಬಿನ್ನಿನ ನೆಲ ಒದ್ದೆಯಾಗುತ್ತಿದ್ದರೆ ಮೊದಲು ಆ ನೀರು ಯಾವುದು ಎಂದು ತಿಳಿಯಬೇಕು. ಎ.ಸಿ. ಹಾಕಿದ ದಿನ ಮಾತ್ರ ಒದ್ದೆ, ಮಳೆಯಿಲ್ಲದಿದ್ದರೂ ಒದ್ದೆ ಎಂದಾದರೆ ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿದೆ. ಬೆರಳಿಗೆ ಅಂಟಂಟಾಗಿ, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಅದು ಹೀಟರ್ ಕಡೆಯ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಸೋರಿಕೆ. ಎರಡೂ ಅಲ್ಲದೆ ಮಳೆ ಬಂದಾಗ, ಗಾಡಿ ತೊಳೆದಾಗ ಮಾತ್ರ ಒದ್ದೆಯಾದರೆ ಮುಂಗಾಜಿನ ರಬ್ಬರ್, ವೈಪರ್ ಬುಡದ ತಗಡಿನ ಕಾಲುವೆ, ಬಾಗಿಲಿನ ಸುತ್ತಿನ ರಬ್ಬರ್, ಈ ಮೂರರಲ್ಲಿ ಒಂದು. ವೈಪರ್ ಬುಡದ ಕಾಲುವೆಯನ್ನು ಮರೆಯುವವರೇ ಹೆಚ್ಚು. ಬೇವಿನ ಮರದ ಅಥವಾ ಹೊಂಗೆಯ ನೆರಳಿನಲ್ಲಿ ನಿಲ್ಲಿಸುವ ಗಾಡಿಯಾದರೆ ಎಲೆ, ಹೂವು ಕೊಳೆತು ಅಲ್ಲಿ ಗೊಬ್ಬರವೇ ಆಗಿರುತ್ತದೆ.

ಸೋರುವ ಜಾಗ ಹಿಡಿಯಲು ಇಬ್ಬರು ಬೇಕು. ನೆಲದ ಮ್ಯಾಟ್ ತೆಗೆದು ಒಣಗಿಸಿ ಹಳೆಯ ವೃತ್ತಪತ್ರಿಕೆ ಹಾಸಿ. ಡ್ಯಾಷ್‌ಬೋರ್ಡಿನ ಅಡಿಯ ತಗಡಿಗೆ ಮುಖದ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಲಿ, ಇನ್ನೊಬ್ಬರು ಹೊರಗೆ ಸಣ್ಣ ಧಾರೆಯ ಪೈಪ್ ಹಿಡಿಯಲಿ. ನೀರನ್ನು ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲಿ ಐದು ನಿಮಿಷ ಬಿಟ್ಟು ಮೇಲಕ್ಕೆ ಹೋಗಬೇಕು. ಮೇಲಿನಿಂದಲೇ ಸುರಿದರೆ ನೀರು ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ಪೌಡರ್ ಮೇಲೆ ಹನಿ ಗೆರೆ ಎಳೆದುಕೊಂಡು ಬರುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಗೆರೆಯ ತುದಿ ಹಿಡಿದು ಮೇಲಕ್ಕೆ ಹೋದರೆ ಸೋರುವ ಬಾಯಿ ಸಿಗುತ್ತದೆ.

ಬ್ಯಾಟರಿಯ ತಟ್ಟೆಯ ಸುತ್ತ ಬಿಳಿಯ ಅಥವಾ ಹಸಿರು ಪುಡಿ, ಅದರಡಿಯಲ್ಲಿ ಬಣ್ಣ ಸುಲಿದಿದ್ದರೆ ಅಲ್ಲಿ ನೀರಿನ ತಪ್ಪಿಲ್ಲ, ಆಮ್ಲದ್ದು. ಅಡುಗೆ ಸೋಡಾ ಕದಡಿದ ನೀರು ಹಾಕಿ, ನೊರೆ ಏಳುವುದು ನಿಲ್ಲುವವರೆಗೆ ತೊಳೆದು, ಆಮೇಲೆ ತುಕ್ಕಿನ ಕೆಲಸ ಮಾಡಿ. ಬ್ಯಾಟರಿ ಉಬ್ಬಿದ್ದರೆ ಅಥವಾ ಆಮ್ಲ ಉಕ್ಕುತ್ತಿದ್ದರೆ ಚಾರ್ಜಿಂಗ್ ಪರೀಕ್ಷೆ ಮಾಡಿಸಿ.

ಹಿಂದಿನ ತೊಟ್ಟಿಯಲ್ಲಿ ಶತ್ರು ಬಹಳ ಸಲ ನಾವೇ ಹಾಸಿದ ರಬ್ಬರ್ ಮ್ಯಾಟ್ ಅಥವಾ ಪ್ಲೈವುಡ್. ತಗಡಿಗೆ ಗೀರು ಬೀಳಬಾರದೆಂದು ಹಾಸುತ್ತೇವೆ, ಅದರಡಿಯಲ್ಲಿ ನೀರು ಆರುವುದೇ ಇಲ್ಲ. ತಿಂಗಳಿಗೊಮ್ಮೆ ಮ್ಯಾಟ್ ಎತ್ತಿ ಒಣಗಿಸಲು ಆಗದಿದ್ದರೆ ಅದನ್ನು ಹಾಸದಿರುವುದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೊಟ್ಟಿಯ ನೆಲವನ್ನು ಅಡಿಯಿಂದಲೂ ನೋಡಿ. ನೆಲದ ತಗಡು ಅಡ್ಡ ತೊಲೆಗಳ ಮೇಲೆ ಕೂರುವ ಸಂದಿಯಲ್ಲಿ ಎರಡು ಲೋಹದ ನಡುವೆ ಸಿಕ್ಕ ನೀರು ಹಕ್ಕಳೆ ಹಕ್ಕಳೆಯಾಗಿ ತುಕ್ಕು ಎಬ್ಬಿಸುತ್ತದೆ. ಅದೇ ಹಿಗ್ಗಿ ತೊಲೆಯನ್ನು ನೆಲದಿಂದ ದೂರ ತಳ್ಳಿರುವುದನ್ನೂ ಕಂಡಿದ್ದೇನೆ.

ಅಡಿಯಲ್ಲಿರುವಾಗಲೇ ಚಾಸಿ ನೋಡಿಕೊಳ್ಳಿ. ಉದ್ದ ತೊಲೆಗಳು, ಪಟ್ಟಿ ಸ್ಪ್ರಿಂಗ್ ತೂಗುವ ಬ್ರಾಕೆಟ್, ಕ್ಯಾಬಿನ್ ಕೂರುವ ಮೌಂಟ್, ಇವುಗಳಲ್ಲಿ ತಿರುಪುಳಿ ಒಳಹೋದರೆ, ಸುತ್ತಿಗೆ ಪೆಟ್ಟಿಗೆ ಪದರ ಉದುರಿದರೆ, ಇಲ್ಲಿಗೆ ಈ ಬರಹ ಮುಚ್ಚಿಟ್ಟು ಚಾಸಿ ಕೆಲಸ ಬಲ್ಲ ಕಾರ್ಖಾನೆಗೆ ಒಯ್ಯಿರಿ. ಒಂದೂವರೆ ಟನ್ ಈರುಳ್ಳಿ ಹೊತ್ತು ಹೆದ್ದಾರಿಯಲ್ಲಿ ಹೋಗುವ ಗಾಡಿಯ ತೊಲೆಗೆ ತಗಡಿನ ತೇಪೆ ಹಾಕಿ ಕಪ್ಪು ಬಣ್ಣ ಬಳಿಯುವುದು ಜೀವದ ಜೊತೆ ಆಟ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು. ಆ ಹೊತ್ತಿಗೆ ಅವಸರದಲ್ಲಿ ಅಡಿಗೆಲ್ಲ ಕಪ್ಪು ಬಳಿದ ಹಳೆಯ ಗಾಡಿ ಮಾರಾಟಕ್ಕೆ ಬಂದರೆ, ಆ ಕಪ್ಪನ್ನು ಕೆರೆದು ನೋಡದೆ ಮುಂಗಡ ಕೊಡಬೇಡಿ.

ಎಷ್ಟು ಆಳ ಹೋಗಿದೆ

ಕೆರೆದಾಗ ಹೊಳೆಯುವ ಲೋಹ ಕೂಡಲೇ ಬಂದರೆ ಮೇಲ್ಪದರದ ತುಕ್ಕು. ಹೊಳಪಿನ ನಡುವೆ ಸಿಡುಬಿನ ಕಲೆಯಂತೆ ಕಪ್ಪು ಚುಕ್ಕೆಗಳು ಉಳಿದರೆ ಗುಳಿಬಿದ್ದ ತುಕ್ಕು. ಆ ಚುಕ್ಕೆಯೊಳಗೆ ತುಕ್ಕು ಇನ್ನೂ ಜೀವಂತವಾಗಿದೆ, ಪರಿವರ್ತಕ ದ್ರವ ಬೇಕಾಗುವುದು ಇಲ್ಲಿ ಮಾತ್ರ. ಬೆಳಕು ಹಾಯ್ದರೆ, ಬೆರಳಿಗೆ ತಗಡು ಬಾಗಿದರೆ, ಕತ್ತರಿಸಿ ಹೊಸ ತಗಡು. ತೂತಾದ ಜಾಗಕ್ಕೆ ಹಿಂದಿನಿಂದ ಜಾಲರಿ, ಗೋಣಿ ದಾರ, ಎಂ-ಸೀಲ್ ತುರುಕಿ ಮೇಲೆ ಪುಟ್ಟಿ ಎಳೆಯುವುದನ್ನು ನಾನು ರಿಪೇರಿ ಎಂದು ಕರೆಯಲಾರೆ. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತದೆ. ತುಕ್ಕಿನ ಮೇಲೆ ಅದನ್ನು ಹಾಕಿದರೆ ಒದ್ದೆ ಸ್ಪಂಜು ಕಟ್ಟಿದಂತಾಗುತ್ತದೆ.

ತಗಡಿನ ಕೆಲಸ

ಮೊದಲು ತೊಳೆಯಬೇಕು. ಗ್ರೈಂಡರ್ ಆಮೇಲೆ. ಎಣ್ಣೆ, ಉಪ್ಪು, ಗೊಬ್ಬರದ ಪುಡಿ ಇರುವಾಗಲೇ ಉಜ್ಜಿದರೆ ಅವು ಗೀರುಗಳೊಳಗೆ ಕೂರುತ್ತವೆ. ಸೋಪಿನ ನೀರು, ಆಮೇಲೆ ಸಾಕಷ್ಟು ಬರಿ ನೀರು. ನಮ್ಮ ಕಡೆಯ ಕೊಳವೆಬಾವಿ ನೀರು ಬಹಳ ಗಡಸು, ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಆ ಕಲೆಯೂ ಲವಣವೇ. ಅದು ಬಣ್ಣದ ಅಡಿಯಲ್ಲಿ ಉಳಿದರೆ ತೇವ ಎಳೆದು ಹೊಪ್ಪಳೆ ಎಬ್ಬಿಸುತ್ತದೆ. ಕೊನೆಯ ತೊಳೆತಕ್ಕೆ ನಾನು ಶುದ್ಧೀಕರಣ ಘಟಕದ ಕುಡಿಯುವ ನೀರು ಬಳಸುತ್ತೇನೆ, ಒಂದು ಬಿಂದಿಗೆ ಸಾಕು.

ಉಬ್ಬು ಎಲ್ಲಿಗೆ ನಿಂತಿತೋ ಅಲ್ಲಿಂದ ಇನ್ನೂ ನಾಲ್ಕೈದು ಸೆಂಟಿಮೀಟರ್ ಆಚೆಗೆ ಬಣ್ಣ ತೆಗೆಯಿರಿ. ಬಣ್ಣದ ಅಡಿಯಲ್ಲಿ ತುಕ್ಕು ಬೇರಿನಂತೆ ಹರಿದಿರುತ್ತದೆ. 80ರ ಒರಟಿನ ಫ್ಲ್ಯಾಪ್ ಡಿಸ್ಕ್ (ಉಪ್ಪುಕಾಗದದ ಎಸಳು ಜೋಡಿಸಿದ ಗ್ರೈಂಡರ್ ಬಿಲ್ಲೆ) ಸಾಕು. ಕಲ್ಲಿನ ಡಿಸ್ಕ್ ಹಾಕಿ ಒತ್ತಿದರೆ ತುಕ್ಕಿನ ಜೊತೆ ಒಳ್ಳೆಯ ಲೋಹವೂ ಹೋಗಿ, ತಗಡು ಕಾದು ಡೊಂಕಾಗುತ್ತದೆ. ಗಾಜಿಗೆ ಒದ್ದೆ ಗೋಣಿ ಹೊದಿಸಿ, ಕಿಡಿ ಗಾಜಿನೊಳಗೆ ನೆಟ್ಟರೆ ಮತ್ತೆ ಹೋಗುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಸ್ವಿಚ್ ಒತ್ತಬೇಡಿ.

ಗುಳಿಗಳಿಗೆ ಪರಿವರ್ತಕ ದ್ರವ ಹಚ್ಚಿದರೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದರಲ್ಲಿ ಹೇಳಿದಂತೆಯೇ ತೊಳೆದೋ ಒರೆಸಿಯೋ ಪೂರ್ತಿ ಒಣಗಿಸಿ. ಆಮ್ಲದ ಅಂಶ ಉಳಿದರೆ ಅದರ ಮೇಲಿನ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಹಿಡಿಯುವುದಿಲ್ಲ. ನಿಮ್ಮ ಪ್ರೈಮರ್ ಡಬ್ಬಿಯ ಮೇಲೆ ಪರಿವರ್ತಕದ ಮೇಲೆ ಹಚ್ಚಬಾರದೆಂದು ಬರೆದಿದ್ದರೆ ಆ ಮಾತೇ ಅಂತಿಮ.

ಹೊಸ ತಗಡು ಹಾಕುವುದಾದರೆ, ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ. ಹಳೆಯ ಲಗ್ನಪತ್ರಿಕೆಯ ರಟ್ಟು ಇಟ್ಟು ಅಳತೆ ತೆಗೆಯಿರಿ, ಅದು ಬಾಗುತ್ತದೆ, ಗೆರೆಯೂ ಚೆನ್ನಾಗಿ ಬೀಳುತ್ತದೆ. ಮೂಲ ತಗಡಿನ ದಪ್ಪವನ್ನೇ ತನ್ನಿ. ಬಾಗಿಲಿಗೆ ಸಾಮಾನ್ಯವಾಗಿ 0.8 ಮಿಲಿಮೀಟರ್ ಆಸುಪಾಸು. ತೇಪೆಯ ಮೂಲೆಗಳು ದುಂಡಾಗಿರಲಿ. ತೇಪೆಯನ್ನು ಹಳೆಯ ತಗಡಿನ ಮೇಲೆ ಹೊದಿಸುವ ಬದಲು ಅಂಚಿಗೆ ಅಂಚು ಕೂರಿಸಿ, ಹೊದಿಸಿದ ಸಂದಿಯಲ್ಲಿ ಮತ್ತೆ ನೀರು ನಿಲ್ಲುತ್ತದೆ. ಬೆಸುಗೆಗೆ ಸಣ್ಣ ತಂತಿಯ ಸಿಒ2 ಯಂತ್ರವೇ (ಇಂಗಾಲದ ಡೈಆಕ್ಸೈಡ್ ಅನಿಲ ಬಿಟ್ಟುಕೊಂಡು ತಂತಿ ಕರಗಿಸುವಂಥದ್ದು) ಬೇಕು. ಗೇಟು ಮಾಡುವವರ ರಾಡಿನ ಬೆಸುಗೆ ಈ ತಗಡನ್ನು ಸುಟ್ಟು ತೂತು ಮಾಡುತ್ತದೆ. ಎರಡು ಮೂರು ಸೆಂಟಿಮೀಟರಿಗೆ ಒಂದರಂತೆ ಚುಕ್ಕೆ ಬೆಸುಗೆ, ಒಂದು ಈ ಕಡೆ, ಮುಂದಿನದು ಎದುರು ಕಡೆ, ನಡುವೆ ಕೈ ಇಡುವಷ್ಟು ತಣ್ಣಗಾಗಲು ಬಿಡುವು. ಒಂದೇ ಎಳೆಯಲ್ಲಿ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಶುರು ಮಾಡುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಒಳಗಿನ ರೆಕ್ಸಿನ್, ಹತ್ತಿರದ ವೈರು, ಡೀಸೆಲ್ ಪೈಪ್ ಸರಿಸಿ, ನೀರಿನ ಬಕೆಟ್ ಜೊತೆ ಒಬ್ಬರು ಒಳಗಡೆ ಕಾವಲಿರಲಿ.

ಆಮೇಲೆ ಗಟ್ಟಿಕಾರಕ ಬೆರೆಸಿ ಹಚ್ಚುವ ಎರಡು ಘಟಕದ ಎಪಾಕ್ಸಿ ಪ್ರೈಮರ್. ಕೆಂಪು ಆಕ್ಸೈಡ್ ಪ್ರೈಮರ್ ಮನೆಯ ಗೇಟಿಗೆ, ಕಿಟಕಿಯ ಸರಳಿಗೆ ಆದೀತು. ಚಕ್ರದ ಕೆಸರು ದಿನವೂ ಬಡಿಯುವ ತಗಡಿಗೆ ನಾನು ಅದನ್ನು ನಂಬುವುದಿಲ್ಲ. ಎಪಾಕ್ಸಿಯ ಮೇಲೆ ಸೀಲರ್ ಹಾಕಿ ಬೆಸುಗೆಯ ಸಂದಿ ಮುಚ್ಚಿ. ಪುಟ್ಟಿ ಬೇಕಾದರೆ ಎಪಾಕ್ಸಿಯ ಮೇಲೆಯೇ, ಎರಡು ಮೂರು ಮಿಲಿಮೀಟರ್ ಮೀರದಂತೆ. ಪುಟ್ಟಿ ಎಳೆಯುವ ಮುನ್ನ ತಳದ ಪ್ರತಿ ತೂತಿಗೂ ಗ್ರೀಸ್ ಸವರಿದ ಬೇವಿನ ಕಡ್ಡಿ ಸಿಕ್ಕಿಸಿ, ಬಣ್ಣ ಒಣಗಿದ ಮೇಲೆ ಎಳೆದು ತೆಗೆಯಿರಿ. ನಿಮ್ಮ ಗಾಡಿಯನ್ನು ಗ್ಯಾರೇಜಿನವರೇ ಮಾಡುವುದಾದರೂ ಈ ಒಂದು ಮಾತನ್ನು ಮೊದಲೇ ಹೇಳಿ, ಗಾಡಿ ಬಿಡಿಸಿಕೊಳ್ಳುವಾಗ ತೂತುಗಳನ್ನು ಎಣಿಸಿಕೊಳ್ಳಿ.

ಪುಟ್ಟಿಯನ್ನು ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿ, ನೀರು ಹಾಕಬೇಡಿ. ಅದರ ಮೇಲೆ ಸರ್ಫೇಸರ್ (ಮೈ ನುಣುಪಾಗಿಸುವ ಪದರ), ಬಣ್ಣ, ಕ್ಲಿಯರ್ ಕೋಟ್ ಎಲ್ಲ ಮಾಮೂಲಿ ಕ್ರಮದಲ್ಲಿ. ಪಿಯು (ಪಾಲಿಯುರೆಥೇನ್) ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಮಕ್ಕಳು ಆಡುವ ಅಂಗಳದಲ್ಲಿ ಅದನ್ನು ಹೊಡೆಯಬೇಡಿ. ಈ ಹಂತವನ್ನು ನಾನು ತಕ್ಕ ಮಾಸ್ಕ್ ಮತ್ತು ಬೂತ್ ಇರುವ ಪೇಂಟರ್‌ಗೆ ಒಪ್ಪಿಸುತ್ತೇನೆ.

ಯಾವ ತಿಂಗಳು

ದಾವಣಗೆರೆ, ಚಿತ್ರದುರ್ಗದಲ್ಲಿ ಈ ಕೆಲಸಕ್ಕೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಹೊತ್ತು ಬಂಗಾರದಂಥದ್ದು. ಮುಂಗಾರಿನಲ್ಲಿ ಉಜ್ಜಿ ಹೊಳಪು ತಂದ ತಗಡು ಕೆಲವೇ ಗಂಟೆಗಳಲ್ಲಿ ಅರಿಶಿನ ಬಳಿದಂತೆ ಹೊಸ ತುಕ್ಕು ಹಿಡಿಯುತ್ತದೆ. ಆ ಕಾಲದಲ್ಲಿ ಅನಿವಾರ್ಯವಾದರೆ ಒಂದು ದಿನದಲ್ಲಿ ಎಷ್ಟಕ್ಕೆ ಪ್ರೈಮರ್ ಹಚ್ಚಬಲ್ಲಿರೋ ಅಷ್ಟನ್ನೇ ಉಜ್ಜಿ. ಆಷಾಢದಲ್ಲಿ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವಾಗ ಬಯಲಿನಲ್ಲಿ ಹೊಡೆದ ಬಣ್ಣದ ಮೇಲೆ ಧೂಳು ಕೂರುವುದು ಖಂಡಿತ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಗಡು ಕೈ ಇಡಲಾರದಷ್ಟು ಕಾದು, ಬಣ್ಣದ ಮೇಲ್ಮೈ ಬೇಗ ಬಿಗಿದು, ಒಳಗಿನ ಥಿನ್ನರ್ ಹೊರಬರುವಾಗ ಸೂಜಿಮೊನೆಯ ತೂತು ಬಿಡುತ್ತದೆ. ಆ ತೂತುಗಳೇ ಮುಂದಿನ ತುಕ್ಕಿನ ಬಾಗಿಲು. ಮಾಗಿಯ ಚಳಿಯಲ್ಲಿ ಬೆಳಗ್ಗೆ ತಗಡು ಒಣಗಿದಂತೆ ಕಂಡರೂ ಅಂಗೈ ಒತ್ತಿದರೆ ತೇವ ತಿಳಿಯುತ್ತದೆ. ಹತ್ತು ಗಂಟೆಯ ಬಿಸಿಲು ಬೀಳುವವರೆಗೆ ಕಾಯಿರಿ.

ಒಳಮೈ

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಬಾಗಿಲಿನ ಒಳಗೆ, ಫುಟ್‌ಬೋರ್ಡಿನ ಪೆಟ್ಟಿಗೆಯೊಳಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ ಹೊಡೆಸಿ. ಕುಂಚ ಹೋಗದ ಮಡಿಕೆಗಳಿಗೆ ಅದು ಹರಿದು ಹೋಗಿ ಪದರ ಕಟ್ಟುತ್ತದೆ. ಮೊದಲು ಅಲ್ಲಿನ ಮಣ್ಣು ತೆಗೆದು ಒಣಗಿಸಿರಬೇಕು, ಒದ್ದೆಯ ಮೇಲೆ ಮೇಣ ಹೊಡೆದರೆ ಒದ್ದೆಯನ್ನೇ ಬಂಧಿಸಿದಂತೆ. ಹೊಡೆದ ಮೇಲೆ ತಳದ ತೂತುಗಳು ತೆರೆದಿವೆಯೇ ಎಂದು ಮತ್ತೊಮ್ಮೆ ನೋಡಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಧೂಳನ್ನು ಮುದ್ದೆ ಕಟ್ಟಿಸುತ್ತದೆ, ತೊಟ್ಟಿಕ್ಕಿ ಹೊಲದ ಮಣ್ಣು ಕೆಡಿಸುತ್ತದೆ. ನಾನು ಬಿಟ್ಟಿದ್ದೇನೆ.

ಗೊಬ್ಬರ, ಉಪ್ಪು, ಕುರಿ, ಮೀನು ಹೊತ್ತ ದಿನ ಸಂಜೆಯೇ ತೊಟ್ಟಿಗೆ ನೀರು ಹೊಡೆಯಿರಿ. ಹಿಂಬಾಗಿಲು ತೆರೆದು, ಗಾಡಿಯ ಮುಂಭಾಗ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ನೀರು ತಾನೇ ಹರಿದುಹೋಗುತ್ತದೆ.

ನನ್ನ ಎಡ ಬಾಗಿಲಿಗೆ ಕೆಳಗಿನಿಂದ ಮೂರು ಬೆರಳಗಲದ ತಗಡು ಹೊಸದಾಗಿ ಬಂದಿದೆ. ಅದಾದ ಮೇಲೆ ಎರಡು ಮುಂಗಾರು ಕಳೆದಿವೆ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ ಬಾಗಿಲಿನ ಅಡಿಗೆ ಅಂಗೈ ಒಡ್ಡಿ, ಗಾಜಿನ ಬುಡಕ್ಕೆ ಒಂದು ಚೊಂಬು ನೀರು ಸುರಿಯುತ್ತೇನೆ. ಮೂರು ತೂತಿನಿಂದಲೂ ಹನಿ ಅಂಗೈಗೆ ಬೀಳುತ್ತದೆ.